ಪ್ಯಾಡಿಲ್ಲದೆ ನೀರಿಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಅತಿಥಿಗಳೇ, ಪೋಷಕರೇ, ಮುಂದಿನ ಸಾಲಿನಲ್ಲಿ ಕಾಲು ಕುಣಿಸುತ್ತಿರುವ, ಈಜು ಕಲಿಯುವ ನನ್ನ ಗೊದಮೊಟ್ಟೆಗಳೇ, ಸಭಿಕರೇ,

ಈಜುಕೊಳದ ವಾರ್ಷಿಕೋತ್ಸವದಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ, ಸಂತೋಷ. ಎರಡೇ ಮಾತು ಸಾಕು ಎಂದಿದ್ದಾರೆ ಕಾರ್ಯದರ್ಶಿಗಳು. ಮೂಗು ಹಿಡಿದು ನೀರಿಗೆ ಧುಮುಕುವವರು ಅವರು. ಇವತ್ತು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯಲಿ.

ಕ್ಯಾನ್ಸರ್ ಬಂದು ನನ್ನ ಎಡಸ್ತನ ತೆಗೆದರು. ನಿಮಗೆಲ್ಲ ಗೊತ್ತು. ಗೊತ್ತಿಲ್ಲದ ಹಾಗೆ ನಟಿಸಿ ನಟಿಸಿ ನೀವೂ ಸುಸ್ತಾಗಿದ್ದೀರಿ. ಮತ್ತೆ ಸ್ತನ ಕಟ್ಟಿಸಿಕೊಳ್ಳಬಹುದು ಎಂದು ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು: ಸಿಲಿಕಾನ್ ಚೀಲ ಇಡಬಹುದು, ಹೊಟ್ಟೆಯ ಕೊಬ್ಬಿನಿಂದ ಮಾಡಬಹುದು, ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತರಬಹುದು. “ಹೊಟ್ಟೇದೇ ತಗೊಳ್ಳಿ ಡಾಕ್ಟ್ರೇ, ಅದು ಬೇಕಾದಷ್ಟಿದೆ” ಎಂದರು ನಮ್ಮ ಯಜಮಾನರು. ಅಲ್ಲಿ ನಕ್ಕೆ, ಮನೆಗೆ ಬಂದು ಅತ್ತುಬಿಟ್ಟೆ. ಅವರಿಗೆ ಬೇಕಾದದ್ದು ನಾನೋ, ಆ ಚಿತ್ರವೋ? ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹುಡುಗಿ ಕಟ್ಟಿಸಿಕೊಂಡಳು, ಕನ್ನಡಿ ನೋಡಿ ನಕ್ಕಳು. ನನಗೂ ಖುಷಿಯಾಯಿತು. ಅದು ಅವಳ ಮೈ, ಇದು ನನ್ನದು. ಈ ಬೆನ್ನಿನಿಂದ ತಾನೇ ನಾನು ನೀರನ್ನು ಎಳೆಯುವುದು? ಹೊಟ್ಟೆಯ ಗಾಯ ಮಾಗುವವರೆಗೆ ದಡದಲ್ಲಿ ಕುಳಿತು ಯಾರು ಕಾಯುತ್ತಾರೆ? ಏನೂ ಬೇಡ ಎಂದೆ. “ನಾಲ್ಕು ಜನ ಏನಂತಾರೆ ಕಣೇ?” ಎಂದಳು ಅಕ್ಕ. ಆ ನಾಲ್ಕು ಜನಕ್ಕೂ ಈಜು ಕಲಿಸಿದವಳು ನಾನೇ, ಅಕ್ಕಾ!

ಆದರೆ ಆ ನಾಲ್ಕು ಜನ ಅಂದೇಬಿಟ್ಟರು. ಕಾರ್ಯದರ್ಶಿಗಳು ಕಚೇರಿಗೆ ಕರೆದು, “ಮೇಡಂ, ಪೋಷಕರಿಗೆ ಮುಜುಗರ ಆಗುತ್ತಂತೆ. ಒಂದು ಪ್ಯಾಡ್ ಇಟ್ಕೊಂಡು ಬನ್ನಿ. ಇಲ್ಲಾಂದ್ರೆ ಟಿಕೆಟ್ ಕೌಂಟರಲ್ಲಿ ಕೂತ್ಕೊಳ್ಳಿ” ಎಂದರು. ಇಟ್ಟುಕೊಂಡೆ ಸ್ವಾಮಿ! ಈಜುಡುಗೆಯೊಳಗೆ, ಎಡಗಡೆ, ಸ್ಪಂಜಿನ ಪ್ಯಾಡು. ನೀರಿಗಿಳಿದದ್ದೇ ತಡ, ಕತ್ತಿನವರೆಗೆ ಬಂತು, ಹೊರಗೆ ಜಾರಿತು, ತೇಲುತ್ತಾ ಹೋಯಿತು. ಒಂದು ಗೊದಮೊಟ್ಟೆ ಅದನ್ನು ಹಿಡಿದು, “ಮಿಸ್, ಇದು ಹಿಡ್ಕೊಂಡ್ರೆ ಮುಳುಗಲ್ವಾ?” ಎಂದು ಕೇಳಿತು.

“ಮುಳುಗ್ತೀಯ ಮಗಾ. ಅದನ್ನ ಬಿಡು, ಕೈ ಬೀಸು.”

ಬಿಟ್ಟಿತು. ಮೊದಲ ಸಲ ಈಜಿತು.

ಹೂಗುಚ್ಛ ಕೊಟ್ಟು ಕೌಂಟರಿಗೆ ಸಾಗಹಾಕಲು ಈ ಸನ್ಮಾನ ಎಂಬುದು ನನಗೆ ಗೊತ್ತಿಲ್ಲವೇ? ಹೂವು ಇಟ್ಟುಕೊಳ್ಳುತ್ತೇನೆ. ಕೌಂಟರಿಗೆ ಹೋಗುವುದಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ನೀರಿನಲ್ಲಿರುತ್ತೇನೆ, ಇರುವ ಹಾಗೆಯೇ. ಬರುವವರು ಕೈ ಎತ್ತಿ, ನೋಡೋಣ. ಅಯ್ಯೋ, ಎರಡೂ ಯಾಕ್ರೋ, ಒಂದು ಸಾಕು! ಕಾರ್ಯದರ್ಶಿಗಳೇ, ಕಣ್ತುಂಬ ನೋಡಿಕೊಳ್ಳಿ.

ಹಿಂದೆ, ಬಾಗಿಲ ಹತ್ತಿರ ಕೈ ಎತ್ತಿರುವವರು ಯಾರು? ಏನ್ರೀ ಯಜಮಾನ್ರೇ, ನೀವಾ? ನಿಮಗೆ ಈಜೇ ಬರುವುದಿಲ್ಲವಲ್ಲ.

ಬನ್ನಿ. ಕಲಿಸುತ್ತೇನೆ.

ಕೇಳಿಸಿಕೊಂಡ ಎಲ್ಲರಿಗೂ, ಕೇಳಿಯೂ ಕೇಳದ ಹಾಗಿದ್ದವರಿಗೂ ಧನ್ಯವಾದ. ನಮಸ್ಕಾರ.