ಕೋಬಾಲ್ಟ್ ಲೇಪದ ಮೂರು ರಾಡುಗಳ ಬಗ್ಗೆ

ನನ್ನ ಹೆಸರು ಮಲ್ಲಿನಾಥ ತಂದೆ ಗುರಣ್ಣ ಹೂಗಾರ, ವಯಸ್ಸು 46, ವಿದ್ಯೆ ಬಿ.ಎ., ಕನ್ನಡ ಮಾಧ್ಯಮ, ಉದ್ಯೋಗ ಔಷಧಿ ಹೊಡೆಯುವ ಪಂಪುಗಳ ರಿಪೇರಿ, ಸಾ. ತಿಕೋಟಾ. ಠಾಣೆಗೆ ಕರೆಸಿ ಕೇಳಲಾಗಿ ಈ ಮೂಲಕ ತಿಳಿಸುವುದೇನೆಂದರೆ,

ಘೋಣಸಗಿಯ ದ್ರಾಕ್ಷಿ ಬೆಳೆಗಾರ ಅಮೋಘಿ ನನ್ನ ಹಳೆಯ ಗಿರಾಕಿ. ಅವನ ಪಂಪಿನ ಮೂರು ಪಿಸ್ಟನ್ ರಾಡು ಸವೆದು, ಔಷಧಿಯು ಬಳ್ಳಿಗಿಂತ ಹೊಡೆಯುವವನ ಮೇಲೆಯೇ ಹೆಚ್ಚು ಬೀಳುತ್ತಿತ್ತು. ದಿನಾಂಕ 26-09-2025ರಂದು ನಾನು ಅವುಗಳನ್ನು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಗಿಲೀಟು ಕೆಲಸ ಮಾಡುವ ಅಶ್ಫಾಕ ಅವರಿಗೆ ಕೊಟ್ಟೆನು. ಅವರು ರಾಡುಗಳನ್ನು ದ್ರಾವಣದ ತೊಟ್ಟಿಯಲ್ಲಿ ಇಳಿಬಿಟ್ಟು, ಕರೆಂಟು ಹರಿಸಿ, ಕೋಬಾಲ್ಟ್ ಮತ್ತು ನಿಕಲ್ ಕೂಡಿದ ಲೇಪ ಏರಿಸಿದರು.

29ರಂದು ನಾನೂ ಅಮೋಘಿಯೂ ತರಲು ಹೋದೆವು. ಲೇಪ ಬೂದಿ ಬಣ್ಣದ್ದಾಗಿ ಮಾಸಲಾಗಿತ್ತು. ಇದು ಹೊಳೆಯುವುದಿಲ್ಲ, ಆದರೆ ಬೇಗ ಸವೆಯುವುದೂ ಇಲ್ಲ, ಆ ಮಾಸಲು ಮೈಯೇ ಎಣ್ಣೆ ಹಿಡಿದಿಟ್ಟು ಪಂಪಿನೊಳಗಿನ ರಬ್ಬರ್ ವಾಯಸರ್ ಉಳಿಸುತ್ತದೆ, ಯಾವ ಕಾರಣಕ್ಕೂ ತಿಕ್ಕಬಾರದು ಎಂದು ಅಶ್ಫಾಕ ತಿಳಿಸಿದರು. "ಹೊಳಪಿಲ್ಲ, ಹಳಹಳಿನೂ ಇಲ್ಲ" ಎಂದು ನಾನು ಪ್ರಾಸ ಕೂಡಿಸಿದೆನು. ಯಾರೂ ನಗಲಿಲ್ಲ.

30ರಂದು ಅಮೋಘಿ ಔಷಧಿ ತರಲು ಬಬಲೇಶ್ವರಕ್ಕೆ ಹೋಗಿದ್ದನು. ಮರುದಿನ ಖಂಡೇನವಮಿ, ಅಂದರೆ ಆಯುಧ ಪೂಜೆ; ರಾಡುಗಳನ್ನು ಅಮೋಘಿಯ ಮನೆಯಲ್ಲಿ ಪೂಜೆಗೆ ಇಟ್ಟಿದ್ದರು. ಪೂಜೆ ಮುಗಿದ ಮೇಲೆ ರಾಡುಗಳ ಕುಂಕುಮ ಒರೆಸಿದಾಗ ಬೂದಿ ಬಣ್ಣ ಇರಲಿಲ್ಲ, ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಅವುಗಳನ್ನೇ ಪಂಪಿಗೆ ಕೂಡಿಸಿದ್ದರಿಂದ 3ರಂದು ತೋಟದಲ್ಲಿ ಅರ್ಧಕ್ಕೇ ವಾಯಸರ್ ಹರಿದು ಪಂಪು ನಿಂತಿತು. ಹಿಂದಿನ ದಿನ ಮಳೆಯಾಗಿದ್ದು, ಔಷಧಿ ತಡವಾದರೆ ರೋಗ ಬೀಳುತ್ತದೆ. ಆದ್ದರಿಂದ ಅಮೋಘಿ ಅಶ್ಫಾಕರ ಮೇಲೆ ಮೋಸದ ದೂರು ತಂದನು.

ಇಂದು ನಾನು ಠಾಣೆಗೆ ಬಂದಾಗ ಅಶ್ಫಾಕ ಬೆಂಚಿನ ಮೇಲೆ ಕುಳಿತಿದ್ದರು. ಮುಂದಿಟ್ಟ ಚಹಾ ಕೆನೆಗಟ್ಟಿತ್ತು. "ಬಣ್ಣಾ ಬಳದು ಕೊಟ್ಟಾನ್ರೀ ಸಾಹೇಬ್ರ, ಕುಂಕುಮದ ಜೋಡಿ ಬಿಟ್ಟು ಹೋತು" ಎಂದು ಅಮೋಘಿ ಹೇಳುತ್ತಿದ್ದನು. ಮೋಸ ಎಂದು ಒಮ್ಮೆ ಬರೆದರೆ ತಿಕೋಟಾ, ಬಬಲೇಶ್ವರ ಕಡೆಯ ಒಂದು ಕೆಲಸವೂ ಇನ್ನು ತಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದಷ್ಟೇ ಅಶ್ಫಾಕ ತಿಳಿಸಿದರು.

ಅಮೋಘಿ ತಂದಿದ್ದ ಒಂದು ರಾಡಿನ ತುದಿಗೆ 29ರಂದೇ ನಾನು ಹಾಕಿಕೊಟ್ಟಿದ್ದ ನಟ್ಟು ಬಿಚ್ಚಿದೆನು. ಅದರ ಕೆಳಗೆ ಬೂದಿ ಲೇಪ ಹಾಗೆಯೇ ಇತ್ತು. ಠಾಣಾಧಿಕಾರಿಗಳು ಕೀಲಿಕೈಯಿಂದ ಕೆರೆದರು. ಕೀಲಿಕೈಯ ಹಿತ್ತಾಳೆ ರಾಡಿಗೆ ಹತ್ತಿತು, ಲೇಪ ಏಳಲಿಲ್ಲ. ಉಳಿದ ಲೇಪ ತೆಗೆದವರು ಯಾರು ಎಂದು ಅವರು ಕೇಳಿದರು.

ಬಾಗಿಲ ಬಳಿ ಕುಳಿತಿದ್ದ ಅಮೋಘಿಯ ತಾಯಿ ಮುದುಕವ್ವ, "ನಾನ ತಿಕ್ಕೇನ್ರೀ. ಖಂಡೇ ಪೂಜಿಗೆ ಅಂಥಾ ಮಾಸಲ ಸಾಮಾನ ಇಡಾಕ ಬರತೈತೇನ್ರೀ? ಹುಣಸಿಹಣ್ಣಿಗೆ ಬಗ್ಗಲಿಲ್ಲ, ಬೂದಿಗೆ ಬಗ್ಗಲಿಲ್ಲ. ಪಂಚರ ತಿಕ್ಕೋ ಉಸುಕಿನ ಕಾಗದ ತಗೊಂಡು ಹಗಲೆಲ್ಲಾ ತಿಕ್ಕಿದೆ, ರಟ್ಟಿ ಬಿದ್ದು ಹೋದ್ವು. ಏನ್ ಹಚ್ಚ್ಯಾನೋ ಯಪ್ಪಾ, ಬಿಡಾಕ ಒಲ್ಲದು!" ಎಂದಳು.

"ಮದಲ ಹೇಳಬಾರದೇನ ಬೇ?" ಎಂದು ಅಮೋಘಿ ಕೇಳಿದನು.

"ನೀ ಎಲ್ಲಿ ಕೇಳಿದಿ?"

ಅಶ್ಫಾಕ ಎದ್ದು ನಿಂತು, "ಸಾಹೇಬ್ರ, ಅವ್ವಾರು ಅಂದದ್ದು ಒಂದಕ್ಷರ ಬಿಡದಂಗ ಬರಕೋರಿ" ಎಂದರು. ಆದ್ದರಿಂದ ಬರೆಸಿದ್ದೇನೆ. ಅಮೋಘಿ ದೂರು ಹಿಂದಕ್ಕೆ ಪಡೆದನು. ಮತ್ತೆ ಲೇಪ ಏರಿಸಿಕೊಡುತ್ತೇನೆ, ಆದರೆ ರಾಡು ಮನೆಗೆ ಹೋಗದೆ ನೇರವಾಗಿ ಪಂಪಿಗೆ ಹೋಗಬೇಕು, ಪೂಜೆಗೆ ಅವ್ವ ನಮ್ಮ ಅಂಗಡಿಗೇ ಬರಲಿ ಎಂದು ಅಶ್ಫಾಕ ಹೇಳಿದರು.

"ಬರತೇನಿ" ಎಂದಳು ಮುದುಕವ್ವ. "ನಿನ್ನ ತೊಟ್ಟೀನೂ ತಿಕ್ಕಿ ತೊಳದು ಕೊಡತೇನಿ."

ಅಶ್ಫಾಕ ಮತ್ತೆ ಕುಳಿತರು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದು, ನಾನು ಕಂಡಂತೆ, ಕೇಳಿದಂತೆ ಖರೆ ಇರುತ್ತದೆ.

ಸ್ಥಳ: ತಿಕೋಟಾ
ದಿನಾಂಕ: 04-10-2025
ಸಹಿ: ಮಲ್ಲಿನಾಥ ಗು. ಹೂಗಾರ