ಹೊನ್ನಾಜಮ್ಮಣ್ಣಿ ಕೊಡಿಸಹೋದ ವೀಳ್ಯ

ಹೂಂಗುಟ್ಟುವವರಿದ್ದರೆ ಕಥೆ ನಡೆಯುತ್ತದೆ, ಇಲ್ಲದಿದ್ದರೆ ಕುಂಟುತ್ತದೆ. ಎಲ್ಲರೂ ನೆಟ್ಟಗೆ ಕುಳಿತಿರಾ? ಹಾಗಾದರೆ ಕೇಳಿ.

ಹೆಸರು ಮರೆತುಹೋದ ಒಂದು ಸೀಮೆ. ಸೀಮೆಯ ನಡುವೆ ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಊರು. ಆ ಊರಿನ ದೊಡ್ಡ ಮನೆಯ ಯಜಮಾನಿ ಹೊನ್ನಾಜಮ್ಮಣ್ಣಿ.

ಅವರ ಮನೆತನ ಎಂಥದ್ದು ಅಂತೀರಿ? ಅಜ್ಜನ ಅಜ್ಜ ಹೊಳೆಗೆ ಮೆಟ್ಟಿಲು ಕಟ್ಟಿಸಿದವರು. ಅಜ್ಜಿ ದಾರಿಹೋಕರಿಗೆ ಅರವಟ್ಟಿಗೆ ಇಡಿಸಿದವರು. ತಂದೆ ನ್ಯಾಯ ಹೇಳಲು ಕುಳಿತರೆ ಗೆದ್ದವನೂ ಕೈಮುಗಿಯುತ್ತಿದ್ದ, ಸೋತವನೂ ಕೈಮುಗಿಯುತ್ತಿದ್ದ. ತಲೆಮಾರಿಗೊಮ್ಮೆ ಅರಮನೆಯಿಂದ ಕರೆ ಬರುತ್ತಿತ್ತು. ಸಭೆಯಲ್ಲಿ ಹೆಸರು ಹಿಡಿದು ಕೂಗುತ್ತಿದ್ದರು, ಶಾಲು ಹೊದಿಸುತ್ತಿದ್ದರು, ವೀಳ್ಯ ಕೊಡುತ್ತಿದ್ದರು. ಆ ಮನೆಯಲ್ಲಿ ಕರೆಯದೆ ಯಾರೂ ಊಟದ ಎಲೆಯ ಮುಂದೆ ಕೂರುತ್ತಿರಲಿಲ್ಲ. ಹೆಸರು ಹೇಳಿ ಕೊಡದೆ ಯಾರೂ ತಟ್ಟೆಯ ಅಡಿಕೆ ಮುಟ್ಟುತ್ತಿರಲಿಲ್ಲ. ಮಕ್ಕಳೂ ಅಷ್ಟೆ, ಅಳಿಯಂದಿರೂ ಅಷ್ಟೆ.

ಊರಿಗೆ ಹೊಳೆಯೇ ಅನ್ನ. ಹಗ್ಗದ ಕೇರಿಯ ಮಂಚಮ್ಮ ನಾರು ಹೊಸೆದು ಈ ದಂಡೆಯಿಂದ ಆ ದಂಡೆಗೆ ಹಗ್ಗ ಕಟ್ಟುತ್ತಿದ್ದಳು. ಬುಟ್ಟಿ ಹೆಣೆಯುವ ಗವಿಯಪ್ಪ ಹರಿಗೋಲು ಹೆಣೆಯುತ್ತಿದ್ದ. ಹಗ್ಗ ಹಿಡಿದು ಹರಿಗೋಲು ದಾಟುತ್ತಿತ್ತು. ದಂಡೆಯ ಮೇಲೆ ದೊಡ್ಡೀರಯ್ಯನ ಸುಣ್ಣದ ಗೂಡು ಹೊಗೆಯಾಡುತ್ತಿತ್ತು. ಯಾರೂ ಸಿರಿವಂತರಲ್ಲ. ಯಾರೂ ಹಸಿದು ಮಲಗಿದವರೂ ಅಲ್ಲ.

ಹೀಗಿರುವಾಗ ಏನಾಯಿತು? ರಾಜನಿಗೆ ಮನಸ್ಸು ಬಂತು. ಹೊಳೆಗೆ ಕಲ್ಲಿನ ಸೇತುವೆ ಕಟ್ಟಬೇಕು, ಅದರ ಮೇಲೆ ಆನೆ ನಡೆಯಬೇಕು, ತೇರಿನಂಥ ಬಂಡಿ ಉರುಳಬೇಕು. ಡಂಗುರ ಸಾರಿಸಿದ.

ಅರಮನೆಯ ಕೆಲಸ ಕೊಡುವ ಪದ್ಧತಿ ಹೇಳುತ್ತೇನೆ, ಕೇಳಿ. ಸಭೆಯ ನಡುವೆ ಹರಿವಾಣದಲ್ಲಿ ಒಂದು ವೀಳ್ಯ ಇಡುತ್ತಾರೆ. ಯಾರು ಎತ್ತಿಕೊಂಡರೋ ಕೆಲಸ ಅವರದು. ಒಂದು ಕೆಲಸಕ್ಕೆ ಒಂದೇ ವೀಳ್ಯ. ಸೇತುವೆಯ ವೀಳ್ಯ ಎತ್ತಬೇಕಾದರೆ ಕಲ್ಲು, ಸುಣ್ಣ, ಹಗ್ಗ, ಬುಟ್ಟಿ ಎಲ್ಲವನ್ನೂ ತರುವ ತಾಕತ್ತು ಬೇಕು. ಯಾರಿಗಿದೆ ಅಷ್ಟು ತಾಕತ್ತು? ಉದ್ದಂಡಯ್ಯನಿಗೆ. ಕೋಟೆ ಅವನದೇ ಗುತ್ತಿಗೆ, ಕೆರೆ ಅವನದೇ ಗುತ್ತಿಗೆ, ರಾಜಬೀದಿ ಅವನದೇ ಗುತ್ತಿಗೆ.

ಮಂಚಮ್ಮ, ಗವಿಯಪ್ಪ, ದೊಡ್ಡೀರಯ್ಯ ಮೂವರೂ ದೊಡ್ಡ ಮನೆಯ ಅಂಗಳಕ್ಕೆ ಬಂದರು.

"ಅಮ್ಮಣ್ಣಿ, ಸೇತುವೆ ಆದ್ಮೇಲೆ ನನ್ ಹಗ್ಗ ಯಾರಿಗ್ ಬೇಕು?" ಅಂದಳು ಮಂಚಮ್ಮ. "ಕೇರಿಗೆ ಕೇರೀನೇ ನಾರು ನಂಬ್ಕೊಂಡದೆ."

"ನಾನು ಹರಿಗೋಲು ಬೋರಲು ಹಾಕ್ಕೊಂಡು ಅದರ ಮೇಲೆ ಕೂತ್ಕೋತೀನಿ" ಅಂದ ಗವಿಯಪ್ಪ. "ಬರೋ ಹೋಗೋ ಆನೆ ನೋಡ್ಕೊಂಡು."

"ಸೇತುವೆಗೆ ಸುಣ್ಣ ಬೇಕೇ ಬೇಕು" ಅಂದ ದೊಡ್ಡೀರಯ್ಯ. "ಆದ್ರೆ ಉದ್ದಂಡಯ್ಯ ಘಟ್ಟದಾಚೆಯಿಂದ ತರುಸ್ತಾನಂತೆ. ನನ್ ಗೂಡಲ್ಲಿ ಇನ್ ಮೇಲೆ ಬೆಕ್ಕು ಮರಿ ಹಾಕ್ತದೆ."

ಹೊನ್ನಾಜಮ್ಮಣ್ಣಿ ಕೇಳಿದರು. ಮರುಕವಾಯಿತು. ಆದರೆ ಮುಖದಲ್ಲಿ ತೋರಿಸಿಕೊಳ್ಳುವ ಜಾಯಮಾನ ಅವರದಲ್ಲ.

"ಹೊಳೆ ನಮ್ಮದು, ಸೇತುವೆ ನಮ್ಮ ಊರಿಗೆ, ಕೆಲಸ ಮಾತ್ರ ಪರಸ್ಥಳದವರಿಗೆ ಎಂದರೆ ಹೇಗೆ? ನಾನು ಹೋಗಿ ಕೇಳುತ್ತೇನೆ. ಗವಿಯಪ್ಪ, ಕಂಬಕ್ಕೆ ಒರಗಬೇಡ. ನೆಟ್ಟಗೆ ನಿಲ್ಲು."

ಹೋದರು. ಮೊದಲ ಸಲ ಹೋದಾಗ ಬಾಗಿಲವನು, "ರಾಜರು ಬೇಟೆಗೆ ಹೋಗಿದ್ದಾರೆ" ಅಂದ. ಬಿಸಿಲಲ್ಲಿ ಹೋದವರು ಬಿಸಿಲಲ್ಲೇ ಬಂದರು. ಎರಡನೆಯ ಸಲ ಹೋದಾಗ ಮಂತ್ರಿ ಸಿಕ್ಕ. "ದೊಡ್ಡ ಕೆಲಸವನ್ನು ಹಂಚಿದರೆ ಸೇತುವೆಯ ಒಂದೊಂದು ಕಲ್ಲು ಒಂದೊಂದು ದಿಕ್ಕಿಗೆ ಹೋಗುತ್ತದೆ, ತಾಯಿ" ಎಂದು ನಕ್ಕ. ನಗೆಗೀಡಾಗಿ ಬಂದರು. ಆ ಮನೆತನದವರು ಯಾರ ಮುಂದೆಯೂ ನಗೆಗೀಡಾದವರಲ್ಲ. ಆದರೂ ಮೂರನೆಯ ಸಲ ಹೋದರು. ರಾಜ ಸಿಕ್ಕ.

"ಪ್ರಭುಗಳೇ, ಉದ್ದಂಡಯ್ಯ ಹಗ್ಗ ಹೊಸೆಯುತ್ತಾನೆಯೇ?"

"ಇಲ್ಲ."

"ಬುಟ್ಟಿ ಹೆಣೆಯುತ್ತಾನೆಯೇ?"

"ಇಲ್ಲ."

"ಸುಣ್ಣ ಸುಡುತ್ತಾನೆಯೇ?"

"ಅದೂ ಇಲ್ಲ."

"ಬಾರದ ಕೆಲಸಗಳನ್ನೆಲ್ಲ ಅವನ ಕೈಗೇ ಏಕೆ ಕೊಡುತ್ತೀರಿ?"

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಸೂರು ನೋಡಿದ. ಕೊನೆಗೆ ರಾಜ, "ಆಗಲಿ" ಅಂದ. "ಕಲ್ಲಿಗೆ ದೊಡ್ಡ ವೀಳ್ಯ. ಸುಣ್ಣಕ್ಕೆ, ಹಗ್ಗಕ್ಕೆ, ಬುಟ್ಟಿಗೆ ಒಂದೊಂದು ಚಿಕ್ಕ ವೀಳ್ಯ. ನಿಮ್ಮವರು ಬರಲಿ."

ಮಂತ್ರಿ ಬಾಗಿಲವರೆಗೂ ಬಂದು ಹೇಳಿದ. "ನಗಾರಿ ಮೂರು ಸಲ ಬಾರಿಸುತ್ತೇವೆ ತಾಯಿ. ಅಷ್ಟರೊಳಗೆ ಚಿಕ್ಕ ವೀಳ್ಯ ಯಾರೂ ಎತ್ತದಿದ್ದರೆ ಅದು ದೊಡ್ಡ ವೀಳ್ಯದವನಿಗೆ ಸೇರುತ್ತದೆ."

"ಗೊತ್ತಾಯಿತು" ಅಂದರು ಅಮ್ಮಣ್ಣಿ.

ಏನು ಗೊತ್ತಾಯಿತು? ಅರಮನೆಯ ಸಭೆ ಎಂದರೆ ಅವರ ಮನೆಯವರು ಕಂಡದ್ದು ಒಂದೇ ಸಭೆ, ಶಾಲು ಹೊದಿಸುವ ಸಭೆ. ಅಲ್ಲಿ ಹೆಸರು ಕೂಗುತ್ತಾರೆ, ಆಮೇಲೆ ಕೊಡುತ್ತಾರೆ. ಕೆಲಸ ಕೊಡುವ ಸಭೆಯೂ ಹಾಗೆಯೇ ಇರುತ್ತದೆ ಎಂದುಕೊಂಡರು. ಬೇರೆ ರೀತಿ ಇರಬಹುದು ಎಂಬ ಯೋಚನೆಯೇ ಅವರಿಗೆ ಬರಲಿಲ್ಲ.

ಊರಿಗೆ ಬಂದವರೇ ಮೂವರನ್ನೂ ಕೂರಿಸಿಕೊಂಡರು. ಸಭೆಯಲ್ಲಿ ಹೇಗೆ ಕೂರಬೇಕು, ಹೇಗೆ ಕೈಮುಗಿಯಬೇಕು, ಕೆಮ್ಮು ಬಂದರೆ ಹೇಗೆ ತಡೆಯಬೇಕು, ಎಲ್ಲ ಕಲಿಸಿದರು. ಮಂಚಮ್ಮನಿಗೆ ಸೀರೆಯ ನೆರಿಗೆ ಸರಿಮಾಡಿದರು. ದೊಡ್ಡೀರಯ್ಯನ ಉಗುರಿನ ಸುಣ್ಣ ಉಜ್ಜಿಸಿದರು.

"ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹೆಸರು ಕೂಗುವ ತನಕ ಯಾರೂ ಕೈಚಾಚಕೂಡದು. ದೊರೆಗಳ ಎದುರು ನಮ್ಮ ಊರಿನವರನ್ನು ಆಸೆಬುರುಕರು ಅನ್ನಿಸಬೇಡಿ."

"ಅಮ್ಮಣ್ಣಿ, ಹೆಸ್ರು ಕೂಗ್ದೇ ಹೋದ್ರೆ?" ಅಂದಳು ಮಂಚಮ್ಮ.

"ಕೂಗುತ್ತಾರೆ."

"ಮರ್ತುಬಿಟ್ರೆ?"

"ನಾನು ಪಕ್ಕದಲ್ಲಿ ಇರುತ್ತೇನಲ್ಲ. ನಾನು ತಲೆಯಾಡಿಸಿದರೆ ಎತ್ತಿಕೊಳ್ಳಿ. ಇಲ್ಲದಿದ್ದರೆ ಇಲ್ಲ."

"ಆಯ್ತು ಬಿಡಿ. ನಮಗೇನ್ ಗೊತ್ತು ಅರಮನೆ ರೀತಿ" ಅಂದ ದೊಡ್ಡೀರಯ್ಯ. ಮೂವರೂ ತಲೆಬಾಗಿಸಿ ಒಪ್ಪಿದರು.

ಸಭೆ ಸೇರಿತು. ಕೇಳುತ್ತಿದ್ದೀರಾ? ಇಲ್ಲಿ ಯಾರೂ ಆಕಳಿಸಬೇಡಿ.

ಹರಿವಾಣ ಬಂತು. ನಡುವೆ ದೊಡ್ಡ ವೀಳ್ಯ, ಸುತ್ತ ಮೂರು ಚಿಕ್ಕ ವೀಳ್ಯ. ಉದ್ದಂಡಯ್ಯ ಚಕ್ಕಂಬಕ್ಕಳ ಹಾಕಿ ಕುಳಿತಿದ್ದ. ಹರಿವಾಣ ನೆಲಕ್ಕೆ ತಾಗುವ ಮೊದಲೇ ಬಗ್ಗಿ ದೊಡ್ಡ ವೀಳ್ಯ ಎತ್ತಿಕೊಂಡ. ಯಾರೂ ಅವನನ್ನು ಕೂಗಲಿಲ್ಲ. ಯಾರೂ ಅವನನ್ನು ತಡೆಯಲೂ ಇಲ್ಲ.

ಮಂಚಮ್ಮ ಪಿಸುಗುಟ್ಟಿದಳು. "ಅಮ್ಮಣ್ಣಿ, ಅವನ್ನ ಯಾರೂ ಕೂಗ್ಲಿಲ್ಲ."

"ಅವನಿಗೆ ಹೇಳಿಕೊಟ್ಟವರಿಲ್ಲ. ನೀನು ಸುಮ್ಮನಿರು."

ನಗಾರಿ ಒಮ್ಮೆ ಮೊಳಗಿತು. ದೊಡ್ಡೀರಯ್ಯನ ಬೆರಳು ಮಿಸುಕಾಡಿತು. ಅಮ್ಮಣ್ಣಿಯ ಕಡೆ ನೋಡಿದ. ಅವರ ತಲೆ ಅಲ್ಲಾಡಲಿಲ್ಲ. ಬೆರಳು ನಿಂತಿತು.

ನಗಾರಿ ಎರಡನೆಯ ಸಲ ಮೊಳಗಿತು. ಗವಿಯಪ್ಪ ಮೊಣಕಾಲ ಮೇಲೆ ಎದ್ದ. ಅಮ್ಮಣ್ಣಿಯ ಕಡೆ ನೋಡಿದ. ಅವರು ಹುಬ್ಬು ಗಂಟಿಕ್ಕಿದರು. ಗವಿಯಪ್ಪ ಕುಳಿತ.

ಈಗ ಮಂಚಮ್ಮ ಯಾರ ಕಡೆಯೂ ನೋಡಲಿಲ್ಲ. ಅವಳ ಕೈ ತಾನಾಗಿ ಮುಂದೆ ಹೋಯಿತು. ಹಗ್ಗ ಹೊಸೆದು ಹೊಸೆದು ಒರಟಾದ ಕೈ. ಹಗ್ಗದ ವೀಳ್ಯಕ್ಕೂ ಅವಳ ಬೆರಳಿಗೂ ನಡುವೆ ಒಂದು ಗೇಣು ಉಳಿದಿರಬಹುದು. ಹೊನ್ನಾಜಮ್ಮಣ್ಣಿ ಆ ಕೈ ಹಿಡಿದರು. ಹಿಡಿದು, ಮೆಲ್ಲಗೆ, ಅವಳ ಮಡಿಲಿಗೆ ಇಳಿಸಿದರು.

ನಗಾರಿ ಮೂರನೆಯ ಸಲ ಮೊಳಗಿತು.

ಉದ್ದಂಡಯ್ಯ ಎದ್ದ. ತನ್ನ ಮನೆಯ ಮರದಿಂದ ಹಣ್ಣು ಕೊಯ್ಯುವ ಹಾಗೆ ಮೂರೂ ವೀಳ್ಯ ಎತ್ತಿ ಶಲ್ಯದ ತುದಿಗೆ ಕಟ್ಟಿಕೊಂಡ. ರಾಜ ತಲೆಯೆತ್ತಲೂ ಇಲ್ಲ.

ಅಮ್ಮಣ್ಣಿ ಎದ್ದು ನಿಂತರು. "ನಮ್ಮವರ ಹೆಸರು ಕೂಗಲಿಲ್ಲ!"

ಮಂತ್ರಿ ಬೆರಗಾಗಿ ನೋಡಿದ. ಅವನ ಬೆರಗು ನಿಜವಾದದ್ದೇ. "ಯಾರ ಹೆಸರು ಕೂಗಿದ್ದೇವೆ ತಾಯಿ? ಇದು ಕೆಲಸದ ಸಭೆ. ಬೇಕಾದವರು ಎತ್ತಿಕೊಳ್ಳುತ್ತಾರೆ. ನಿಮ್ಮವರಿಗೆ ಬೇಡ ಎಂದುಕೊಂಡೆವು."

ಎತ್ತಿದ ವೀಳ್ಯ ಮತ್ತೆ ಹರಿವಾಣಕ್ಕೆ ಬರುತ್ತದೆಯೇ? ಬರುವುದಿಲ್ಲ. ಅತ್ತರೆ ಬರುತ್ತದೆಯೇ? ಇಲ್ಲ. ಮನೆತನದ ಹೆಸರು ಹೇಳಿದರೆ? ಆಗಲೂ ಇಲ್ಲ.

ಸೇತುವೆ ಎದ್ದಿತು. ಘಟ್ಟದಾಚೆಯ ಸುಣ್ಣ ಬಂತು, ಪರಸೀಮೆಯ ಹಗ್ಗ ಬಂತು, ಎಲ್ಲಿಯದೋ ಬುಟ್ಟಿ ಬಂತು. ಗವಿಯಪ್ಪ ಉದ್ದಂಡಯ್ಯನ ಹತ್ತಿರವೇ ಕೂಲಿಗೆ ಸೇರಿ, ಬೇರೆ ಯಾರೋ ಹೆಣೆದ ಬುಟ್ಟಿಯಲ್ಲಿ ಮಣ್ಣು ಹೊತ್ತ. ಬುಟ್ಟಿಯ ಕಂಠ ಸಡಿಲ ಎಂದು ಬಾಯಿಗೆ ಬಂದರೂ ಆಡಲಿಲ್ಲ. ಅವನ ಬಾಯಲ್ಲಿ ತಮಾಷೆಯ ಮಾತೇ ನಿಂತುಹೋಯಿತು. ದೊಡ್ಡೀರಯ್ಯ ತಣ್ಣಗಾದ ಗೂಡಿನ ಪಕ್ಕದಲ್ಲಿ ಕೂರುತ್ತಿದ್ದ. ಒಂದು ಮಳೆಗೆ ಗೂಡು ಕುಸಿಯಿತು. ಮುಂದಿನ ಮಳೆಗೆ ಅವನೂ ಹೋದ. ಹೊಳೆಗೆ ಅಡ್ಡ ಕಟ್ಟಿದ್ದ ಹಗ್ಗವನ್ನು ಬಿಚ್ಚುವವರೂ ಇಲ್ಲದೆ ಅದು ನೀರಲ್ಲಿ ನೆನೆದು, ಕೊಳೆತು, ಒಂದು ದಿನ ಕೊಚ್ಚಿಹೋಯಿತು.

ಹಗ್ಗದ ಕೇರಿಯಲ್ಲಿ ಮನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಗಂಟು ಹೊತ್ತರು, ಮಡಕೆ ಹೊತ್ತರು, ಮಕ್ಕಳನ್ನು ಹೊತ್ತರು. ಯಾವ ದಾರಿಯಲ್ಲಿ ಹೋದರು ಅಂತೀರಿ? ಆ ಸೇತುವೆಯ ಮೇಲೆಯೇ ಹೋದರು.

ಹೊನ್ನಾಜಮ್ಮಣ್ಣಿ ಉಪ್ಪರಿಗೆಯಿಂದ ನೋಡುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಮಂಚಮ್ಮನ ಮನೆಗೆ ಅಕ್ಕಿ ಕಳಿಸಿದರು. ಅಕ್ಕಿ ಹಿಂದಕ್ಕೆ ಬಂತು. ಸೀರೆ ಕಳಿಸಿದರು. ಸೀರೆ ಮಡಿಕೆ ಕೆಡದೆ ಹಿಂದಕ್ಕೆ ಬಂತು. ಕರೆಯುವ ಹಸುವನ್ನೇ ಕಳಿಸಿದರು. ಹಸುವೂ ಹಿಂದಕ್ಕೆ ಬಂತು.

ಕೊನೆಗೆ ಮಂಚಮ್ಮನೇ ಬಂದಳು. ತಲೆಯ ಮೇಲೆ ಗಂಟು. ಕೇರಿಯಲ್ಲಿ ಉಳಿದಿದ್ದ ಕೊನೆಯ ಮನೆ ಅವಳದು. ಅಂಗಳ ದಾಟಿ ಮೆಟ್ಟಿಲ ಬಳಿ ನಿಂತಳು.

"ಕೊಟ್ಟದ್ದನ್ನು ಹಿಂದಕ್ಕೆ ಕಳಿಸುವುದು ಮರ್ಯಾದೆಯೇ, ಮಂಚಮ್ಮ?"

"ಅಕ್ಕಿ ಕೇಳಕ್ಕೆ ಬಂದಿರ್ಲಿಲ್ಲ ನಾನು ಅವತ್ತು. ಕೆಲ್ಸ ಕೇಳಕ್ಕೆ ಬಂದಿದ್ದೆ."

"ನಿಮಗಾಗಿ ಅರಮನೆಯ ಬಾಗಿಲಿಗೆ ಅಲೆದೆ. ಯಾರ ಮುಂದೆಯೂ ತಗ್ಗದವಳು ತಗ್ಗಿದೆ."

"ಅಲೆದ್ರಿ. ಇಲ್ಲ ಅನ್ನಲ್ಲ. ನಿಮ್ಮಂಗೆ ಯಾರೂ ಹೋಗಿ ಕೇಳ್ತಿರ್ಲಿಲ್ಲ."

"ಹಾಗಾದರೆ ನನ್ನ ಮೇಲೆ ಏಕೆ ಸಿಟ್ಟು? ದೋಚಿಕೊಂಡವನು ಉದ್ದಂಡಯ್ಯ."

"ಅವನು ಕೈ ಚಾಚ್ದ, ತಗೊಂಡ. ನಾನೂ ಚಾಚಿದ್ದೆ ಅಮ್ಮಣ್ಣಿ. ನನ್ ಕೈಯಿ ಹಿಡ್ದು ಇಳ್ಸಿದ್ದು ಯಾರು?"

ಅಮ್ಮಣ್ಣಿ ಸೆರಗು ಸರಿಮಾಡಿಕೊಂಡರು. ಸರಿಯಾಗಿಯೇ ಇದ್ದ ಸೆರಗನ್ನು ಮತ್ತೊಮ್ಮೆ ಸರಿಮಾಡಿಕೊಂಡರು.

"ನಿನಗೀಗ ಏನು ಬೇಕು?" ಅಂದರು ಕೊನೆಗೆ.

ಹೇಳುವವರ ಗಂಟಲು ಆರಿತು, ಕೇಳುವವರ ಕಾಲು ಜೋಮುಹಿಡಿಯಿತು. ಕಥೆಯನ್ನು ಇಲ್ಲೇ ಕೆಳಗಿಡುತ್ತೇನೆ. ಅವರಿಬ್ಬರೂ ಅಲ್ಲೇ ನಿಂತಿದ್ದಾರೆ, ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ಮೆಟ್ಟಿಲ ಕೆಳಗೆ. ಮಂಚಮ್ಮ ಕೊಟ್ಟ ಉತ್ತರ ಒಂದು ಉಳಿದಿದೆ. ಅದನ್ನು ಕೇಳಿಕೊಂಡು ಏಳಿ.

"ತಪ್ಪಾಯ್ತು ಅನ್ನಿ."