ಮುದ್ದೆಗೆ ಸವರಿದ ತುಪ್ಪ

ಮದ್ದೂರಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಪಿಯುಸಿ ಹುಡುಗಿಯರು ಗಣಿತದ ಪರೀಕ್ಷೆಗೆ ಹೊರಟಿದ್ದರು.

"ಗಗನ, ಈ ಸಲನೂ ಫೇಲಾದ್ರೆ ಅಪ್ಪ ಓದ್ಸಕಿಲ್ಲ ಕಣೆ. ಬರೀ ಸೂತ್ರ ಬಾಯಿಪಾಠ ಮಾಡಿವ್ನಿ."

"ಸೂತ್ರ ಬುಡು ಸಿಂಚನ. ಮುದ್ದೆಗೆ ಸುತ್ತ ತೆಳ್ಳಗೆ ತುಪ್ಪ ಸವರ್ದ್ರೆ ಗಾತ್ರ ಎಷ್ಟು ಜಾಸ್ತಿ ಆಯ್ತದೆ?"

"ಸವರಿದ ತುಪ್ಪದಷ್ಟು."

"ತುಪ್ಪ ಎಲ್ಲದೆ?"

"ಮೇಲ್ಮೈ ಪೂರ್ತಿ. ಅಂದ್ರೆ ಮೇಲ್ಮೈನ ತುಪ್ಪದ ದಪ್ಪದಿಂದ ಗುಣಿಸಿದಷ್ಟು… ತಡಿಯಮ್ಮಿ! ಗೋಳದ ಗಾತ್ರನ ಡಿಫರೆನ್ಸಿಯೇಟ್ ಮಾಡಿದ್ರೆ ಮೇಲ್ಮೈ ಸೂತ್ರನೇ ಬತ್ತದಲ್ಲ, ಅದು ಇದ್ಕೇನಾ?"

ಗಗನ ಪುಸ್ತಕ ಬಿಡಿಸಿ ಎರಡೂ ಸೂತ್ರಗಳನ್ನು ನೋಡಿದಳು. ಹೌದೆಂದು ತಲೆಯಾಡಿಸಿದಳು.

"ಇದ್ನ ನಿಂಗೆ ಯಾರು ಹೇಳ್ಕೊಟ್ರು?" ಎಂದಳು ಸಿಂಚನ.

"ಯಾರೂ ಇಲ್ಲ ಕಣಮ್ಮಿ. ತುಪ್ಪದ ಲೆಕ್ಕ ಅಷ್ಟೇ ನಂದು, ಡಿಫರೆನ್ಸಿಯೇಟ್ ಮಾಡಿದ್ರೆ ಅದೇ ಬತ್ತದೆ ಅಂತ ನಂಗೂ ಗೊತ್ತಿರ್ಲಿಲ್ಲ. ಈಗ ನೀನೇ ಕಂಡಿಡ್ದೆ."

ಮದ್ದೂರು ಬಂದಾಗ ಇಬ್ಬರೂ ಕೈ ಹಿಡಿದುಕೊಂಡು ಇಳಿದರು.